ಗಿಂಡಿ ಹಿಡಿದ ಕೈ

ಊರಿನ ಹಿರಿಯ, ಮುದುಕ ಸಾಲಿಂ ಪಿಕಪ್ ನಿಲ್ಲಿಸಿ ಇಳಿದವನು ಸಲಾಂ ಕೂಡ ಹೇಳದೆ ತಲೆಯೆತ್ತಿ ನಿಂತುಬಿಟ್ಟ. ಮಸ್ಕತ್‌ನಿಂದ ಸೂರ್‌ಗೆ ಹೋಗುವ ಹೆದ್ದಾರಿ ಇಬ್ರಾ ಪೇಟೆಗೆ ತಿರುಗುವಲ್ಲಿ ಹೊಸದಾಗಿ ಎದ್ದ ರೌಂಡಬೌಟ್‌ನ ನಡುವೆ, ಅಂದು ಬೆಳಿಗ್ಗೆಯಷ್ಟೇ ಸಾರುವೆ, ಗೋಣಿ ಕಳಚಿಕೊಂಡು ನಿಂತಿದ್ದವು ಎರಡು ದೈತ್ಯ ಸಿಮೆಂಟಿನ ಕೈಗಳು. ಒಂದರಲ್ಲಿ ತಾಮ್ರದ ತಗಡಿನ ದಲ್ಲಾ, ಅರಬ್ಬರು ಕಾಫಿ ಹೊಯ್ಯುವ ಪಾತ್ರೆ; ಕೈಗಳನ್ನು ಕಟ್ಟಿದ ಮೇಸ್ತ್ರಿ ಪೂವಪ್ಪನ ಮಾತಿನಲ್ಲಿ ಕಾಫಿ ಗಿಂಡಿ. ಇನ್ನೊಂದರಲ್ಲಿ ಹಿಡಿಯಿಲ್ಲದ ಬಟ್ಟಲು. ಬಂದವರಿಗೆಲ್ಲ ಊರೇ ಎದ್ದು ಬಂದು ಕಾಫಿ ಕೊಡುತ್ತಿರುವ ಹಾಗೆ. ಪೂವಪ್ಪ ಅಂಗೈ ಒರೆಸಿಕೊಳ್ಳುತ್ತ ಹೊಗಳಿಕೆಗೆ ಕಾದ. ಮುದುಕ ಪೂವಪ್ಪನ ಜೊತೆಗಾರ ಉಸ್ಮಾನ್‌ಗೆ ಅರಬ್ಬಿಯಲ್ಲಿ ಏನೋ ಗೊಣಗಿ, ಪಿಕಪ್ಪಿಗೆ ಬೆನ್ನು ಕೊಟ್ಟು ನಿಂತ.

"ಎಂತ ಮಾರಾಯ, ಅವ ಹೇಳಿದ್ದು?"

"ಎಡಗೈಯಲ್ಲಿ ಕಾಫಿ ಕೊಟ್ಟು ನಮ್ಮ ಊರಿನ ಮಾನ ತೆಗೀತೀರಾ ಅಂತ."

"ಕಣ್ಣು ಕಾಣುದಿಲ್ವಾ ಅವನಿಗೆ? ಗಿಂಡಿ ಇರುದು ಬಲಗೈಯಲ್ಲಿ!"

"ಅದೇ ಪೂವಪ್ಪಣ್ಣ. ಗಿಂಡಿ ಬಲಗೈಯಲ್ಲಿದ್ರೆ ಬಟ್ಟಲು ಕೊಡುದು ಎಡಗೈ ಆಯ್ತಲ್ಲ? ಇವರಲ್ಲಿ ಹೊಯ್ಯುದು ಎಡಗೈ, ಕೊಡುದು ಬಲಗೈ. ಅವತ್ತೇ ಹೇಳ್ಲಿಕ್ಕೆ ಬಂದೆ ನಾನು. 'ಉಳ್ಳಾಲದವ ನನಗೆ ಕೈ ಕಲಿಸ್ಲಿಕ್ಕೆ ಬಂದ್ಯಾ' ಅಂತ ಓಡಿಸಿದ್ರಿ."

ಪೂವಪ್ಪ ತಲೆಯೆತ್ತಿ ಎರಡೂ ಕೈಗಳನ್ನು ಮತ್ತೊಮ್ಮೆ ನೋಡಿದ. ಎಂಜಿನಿಯರ್ ಫಿಲಿಪ್ ಕೊಟ್ಟ ನಕ್ಷೆಯಲ್ಲಿ ಗಿಂಡಿ ಎಡಗೈಯಲ್ಲೇ ಇತ್ತು. ಅದನ್ನು ಕಂಡು ಅವನಿಗೆ ಮೈ ಉರಿದಿತ್ತು. ಸೌಟು ಎಡಗೈಗೆ ಬಂದರೆ ಪಂಕ್ತಿಯಿಂದಲೇ ಎದ್ದು ಹೋಗುವ ಜನ ತಾವು. ಊಟ ಮಾಡಿ ಕಾಗದದಲ್ಲಿ ಕೈ ಒರೆಸುವ ದೊರೆಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು! ಯಾರಿಗೂ ಹೇಳದೆ ಕೈಗಳನ್ನು ಅದಲುಬದಲು ಮಾಡಿ ಕಟ್ಟಿದ್ದ. ಮೇಲೆ ಸುತ್ತಿದ ಒದ್ದೆ ಗೋಣಿ ಇಷ್ಟು ದಿನ ಎಲ್ಲವನ್ನೂ ಮುಚ್ಚಿಟ್ಟಿತ್ತು.

ಅಷ್ಟರಲ್ಲಿ ಫಿಲಿಪ್‌ನ ಜೀಪು ಬಂತು. ಅವನು ಕಾರ್ಡಿಫ್‌ನವನು. ಇಂಗ್ಲಿಷಿನವ ಎಂದರೆ ಸಿಡಿದು "ನಾನು ವೆಲ್ಶ್" ಎನ್ನುತ್ತಿದ್ದ. ಅದು ಪೂವಪ್ಪನಿಗೆ ಹಿಡಿಸಿತ್ತು. ಮಲಬಾರಿನವನಲ್ಲದ ತನ್ನನ್ನೂ ಇಲ್ಲಿ ಎಲ್ಲರೂ ಮಲಬಾರಿ ಎಂದೇ ಕರೆಯುತ್ತಿದ್ದರು. ಊಟದ ಹೊತ್ತಿಗೆ ಫಿಲಿಪ್ ಬಾಯಿಬಿಟ್ಟರೆ ತನ್ನ ಊರಿನ ಕೋಟೆಯೇ. ಬೀದಿಬದಿಯ ಗೋಡೆ ಹತ್ತಿ ಇಣುಕುವ ಕಲ್ಲಿನ ಸಿಂಹ, ಕರಡಿ, ಮಂಗಗಳು. ಅವುಗಳಲ್ಲೊಂದರ ಬಿರುಕುಬಿಟ್ಟ ಬಾಲವನ್ನು ಅವನ ಅಜ್ಜ ಸರಿಮಾಡಿದ್ದನಂತೆ. "ಕೋಟೆ ಯಾವ ರಾಜನದ್ದಾದರೂ ಆಗಲಿ, ಬಾಲ ನಮ್ಮ ಮನೆಯದು." ಆ ಬಾಲದ ಕಥೆ ಕೇಳಿ ಕೇಳಿ ಪೂವಪ್ಪ ಮನಸ್ಸಿನಲ್ಲೇ ಪಣ ತೊಟ್ಟಿದ್ದ: ಬಾಲವೇನು ಮಹಾ, ನಾನು ಎರಡು ಕೈಗಳನ್ನೇ ಮಾಡಿ ನಿಲ್ಲಿಸುತ್ತೇನೆ.

ಫಿಲಿಪ್ ಮೇಲೆ ನೋಡಿದ. ಮುಖ ಕೆಂಪಾಯಿತು. ಮುದುಕ ಅವನ ಮುಂದೆ ಕೈಯಾಡಿಸುತ್ತ ಎಲ್ಲವನ್ನೂ ಹೇಳತೊಡಗಿದ.

ಉಸ್ಮಾನ್ ಪಿಸುಗುಟ್ಟಿದ, "ನಕ್ಷೆಯೇ ಹೀಗಿತ್ತು ಅನ್ನಿ ಪೂವಪ್ಪಣ್ಣ. ದೊರೆಗೆ ನೆನಪಿರ್ಲಿಕ್ಕಿಲ್ಲ."

ಪೂವಪ್ಪ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ. "ನಕ್ಷೆ ಸರಿ ಇತ್ತು ಸರ್. ಬದಲು ಮಾಡಿದ್ದು ನಾನು. ನಮ್ಮಲ್ಲಿ ಎಡಗೈಯಲ್ಲಿ ಬಡಿಸುದಿಲ್ಲ."

ಉಸ್ಮಾನ್ ಅದನ್ನು ಅರಬ್ಬಿಗೆ ತಿರುಗಿಸಿದ. ಸಾಲಿಂ ಮೊದಲ ಬಾರಿಗೆ ಪೂವಪ್ಪನನ್ನು ನೆಟ್ಟಗೆ ನೋಡಿದ. ಗಡ್ಡ ನೀವಿಕೊಂಡು ಏನೋ ಹೇಳಿದ.

"ಮರ್ಯಾದೆ ಗೊತ್ತುಂಟು ಇವನಿಗೆ, ಕೈ ಮಾತ್ರ ತಪ್ಪಿತು ಅಂತಿದ್ದಾನೆ," ಎಂದ ಉಸ್ಮಾನ್.

"ರಾಷ್ಟ್ರೀಯ ದಿನಕ್ಕೆ ಇನ್ನೊಂದೇ ವಾರ," ಫಿಲಿಪ್ ಹಣೆ ಒತ್ತಿಕೊಂಡ. "ಮಸ್ಕತ್‌ನಿಂದ ಬೇರೆ ಗುಂಪು ತರಿಸುತ್ತೇನೆ. ಅವರು ಒಡೆದು ಕಟ್ಟಲಿ."

"ಬೇರೆಯವರ ಸುತ್ತಿಗೆ ಇದಕ್ಕೆ ತಾಗ್ಲಿಕ್ಕಿಲ್ಲ ಸರ್." ಪೂವಪ್ಪನ ದನಿ ಅವನಿಗೇ ಜೋರಾಗಿ ಕೇಳಿಸಿತು. "ನನ್ನ ಕೈ ನಾನೇ ಒಡೀತೇನೆ, ನಾನೇ ಕಟ್ತೇನೆ. ವಾರ ಉಂಟಲ್ಲ!"

ಫಿಲಿಪ್ ಹಣೆಯಿಂದ ಕೈ ತೆಗೆದ. "ಯಲ್ಲಾ, ಶುರು ಮಾಡು," ಎಂದ.

ಗಿಂಡಿಯನ್ನೂ ಬಟ್ಟಲನ್ನೂ ಬಿಚ್ಚಿ ಕೆಳಗಿಳಿಸಿದರು. ಗಿಂಡಿ ಹಿಡಿದ ಮುಷ್ಟಿಯಲ್ಲಿ ಬಟ್ಟಲು ಕೂರುವಂತಿರಲಿಲ್ಲ, ಎರಡೂ ಕೈಗಳನ್ನು ಒಡೆಯಲೇಬೇಕಿತ್ತು. ಸುತ್ತಿಗೆಯ ಮೊದಲ ಏಟನ್ನು ಪೂವಪ್ಪ ಹೆಬ್ಬೆರಳಿಗೆ ಹಾಕಿದ. ಅದರ ಉಗುರಿನ ಬುಡದಲ್ಲಿ ಅರ್ಧಚಂದ್ರದ ಬಿಳಿಯನ್ನು ಕೂಡ ಬಿಡದೆ ಕೊರೆದಿದ್ದ. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ, ಆಮೇಲೆ ಕೈ ನಿಲ್ಲಿಸಲಿಲ್ಲ. ಚೂರುಗಳನ್ನೆಲ್ಲ ಕೈಗಳ ಕೆಳಗಿನ ಕಟ್ಟೆಯ ಹೊಟ್ಟೆಗೇ ತುಂಬಿಸಿ, ಮೇಲೆ ಗಾರೆ ಎಳೆದು ಹೊಸ ಕೈಗಳನ್ನು ಕಟ್ಟಿದ.

ರಾಷ್ಟ್ರೀಯ ದಿನದ ಬೆಳಿಗ್ಗೆ ಗೋಣಿ ಬಿಚ್ಚುವಾಗ ಸಾಲಿಂ ಮನೆಯಿಂದಲೇ ಹಿತ್ತಾಳೆಯ ದಲ್ಲಾ ತಂದಿದ್ದ. ಎಡಗೈಯಲ್ಲಿ ಹೊಯ್ದು ಬಲಗೈಯಲ್ಲಿ ಬಟ್ಟಲು ಚಾಚಿದ. ಅವನ ತಲೆಯ ಮೇಲೆ ಸಿಮೆಂಟಿನ ಕೈಗಳೂ ಅದನ್ನೇ ಮಾಡುತ್ತಿದ್ದವು. ಪೂವಪ್ಪ ಬಲಗೈಯಲ್ಲಿ ಬಟ್ಟಲು ಪಡೆದು ಕಟ್ಟೆಗೆ ಒರಗಿದ. ಏಲಕ್ಕಿಯ ಕಂಪು, ಸಕ್ಕರೆಯೇ ಇಲ್ಲದ ಕಹಿ. ಅಂದು ಫಿಲಿಪ್ ಬಾಲದ ಸುದ್ದಿ ಎತ್ತಲಿಲ್ಲ.

ಸೂರ್ ಕಡೆಗೆ ಹೊರಟಿದ್ದ ಲಾರಿಯೊಂದು ಸುತ್ತು ಬರುತ್ತ ನಿಧಾನಿಸಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, ಇದನ್ನು ಮಾಡಿದ್ದು ಯಾರು ಎಂದು ಅರಬ್ಬಿಯಲ್ಲಿ ಕೂಗಿದ. ಆ ಮಾತಿಗೆ ಪೂವಪ್ಪನಿಗೆ ಉಸ್ಮಾನ್ ಬೇಕಾಗಲಿಲ್ಲ. ಬಟ್ಟಲನ್ನು ಎಡಗೈಗೆ ದಾಟಿಸಿ ಬಲಗೈ ಮೇಲಕ್ಕೆತ್ತಿದ.

ಉಸ್ಮಾನ್ ಬಿದ್ದು ಬಿದ್ದು ನಕ್ಕ. "ಪೂವಪ್ಪಣ್ಣ, ಬಟ್ಟಲು ಹಿಡಿದ ಆ ಎಡಗೈಯನ್ನು ನಾವು ಒಡೆದಾಯ್ತಲ್ಲ!"

ಲಾರಿ ಬೆಟ್ಟದ ಹಿಂದೆ ಮರೆಯಾಗುವವರೆಗೂ ಪೂವಪ್ಪ ಎತ್ತಿದ ಕೈ ಇಳಿಸಲಿಲ್ಲ.