ಬಾವುಟದಿಂದ ಇಳಿದ ಆನೆ

ದರ್ಜಿ ಹೊಸ ದೇಶದ ಬಾವುಟದಿಂದ ಆನೆಯ ಹೊಲಿಗೆ ಬಿಚ್ಚುತ್ತಿದ್ದ. ಸಂಜೆಯೊಳಗೆ ಬಾವುಟ ಹಾರದಿದ್ದರೆ ದೇಶ ತಮ್ಮದೆಂದು ಪಕ್ಕದ ದೇಶದ ಸೈನ್ಯ ಗಡಿಯಲ್ಲಿ ಕಾದಿತ್ತು.

“ಆನೆ ಅಂದ್ರೆ ಶಕ್ತಿ ಕಣಮ್ಮ,” ಎಂದರು ಅಧ್ಯಕ್ಷರು.

“ನಿಮಗೆ ಶಕ್ತಿ. ರಾತ್ರಿಯೆಲ್ಲ ತಮಟೆ ಬಡಿದು ಓಡಿಸೋರು ನಾವು,” ಎಂದಳು ಬಾಳೆ ಬೆಳೆಯುವವಳು.

“ಹಾಗಾದ್ರೆ ಮೀನು ಇರಲಿ. ಅದು ನಮ್ಮ ಅನ್ನ,” ಎಂದ ಬೆಸ್ತ.

“ಉಪವಾಸದ ದಿನ ಮೀನಿಗೆ ಸೆಲ್ಯೂಟ್ ಹೊಡೀಲಾ?” ಎಂದರು ಪುರೋಹಿತರು.

ಮೀನೂ ಹೋಯಿತು. ಬಾವುಟದಲ್ಲಿ ಉಳಿದಿದ್ದ ಸೂರ್ಯನನ್ನು ಕೊಡೆ ಮಾರುವವನು ತೆಗೆಸಿದ.

ಸಂಜೆ ಬರೀ ಬಿಳಿ ಬಟ್ಟೆ ಹಾರಿತು. ಇವರು ಶರಣಾದರೆಂದು ತಿಳಿದು ಪಕ್ಕದ ದೇಶದ ಸೇನಾಪತಿ ತನ್ನ ಹುಲಿ ಬಾವುಟದೊಂದಿಗೆ ಬಂದೇಬಿಟ್ಟ. ಅಧ್ಯಕ್ಷರು ತಲೆ ತಗ್ಗಿಸಿ ಖಜಾನೆಯ ಬೀಗದ ಕೈಯನ್ನು ಅವನತ್ತ ಚಾಚಿದರು.

“ಸ್ವಲ್ಪ ನಿಲ್ಲಿ ಸ್ವಾಮಿ,” ಹಿಂದಿನಿಂದ ಕುರುಬನೊಬ್ಬ ಕೂಗಿದ. “ಆ ಹುಲಿ ನಮ್ಮ ಕುರಿಗಳಿಗೆ ಆಗಿಬರಲ್ಲ.”

“ಹುಲಿ ಅಂದ್ರೆ ಶೌರ್ಯ ಕಣಯ್ಯ,” ಎಂದ ಸೇನಾಪತಿ.

“ನಿಮಗೆ ಶೌರ್ಯ,” ಎಂದರು ಜನರೆಲ್ಲ.

ದರ್ಜಿ ಆಗಲೇ ಕತ್ತರಿ ಹಿಡಿದು ಹುಲಿಯ ಹತ್ತಿರ ಹೋಗಿದ್ದ.

ಸೇನಾಪತಿ ಬೀಗದ ಕೈಯನ್ನು ಹಿಂದಕ್ಕೆ ತಳ್ಳಿದ. “ಬೇಡ. ಈ ದೇಶ ನಮಗೆ ಬೇಡವೇ ಬೇಡ.”