ಯಾರ ಬಾಯಿಗೂ ಬಾರದ ವಾಕ್ಯ

ಸಂಶೋಧಕಿ ಕೊನೆಯ ಚೀಟಿಯನ್ನು ತಿರುಗಿಸಿ ಮುಂದೆ ಹಿಡಿದಳು. 'ನನ್ನ ತಾಯಿ ಸತ್ತಳು' ಎಂದಿತ್ತು. ಫಿಲಿಪೀನ್ಸಿನ ಟಗಾಲೊಗ್ ಮಾತಾಡುವ ನರ್ಸ್ ತಲೆಯನ್ನು ಅಡ್ಡಡ್ಡ ಆಡಿಸಿದಳು. ಪಕ್ಕದಲ್ಲಿದ್ದ, ಅಸ್ಸಾಮಿನ ಬೋಡೊ ಮಾತಿನ ದರ್ಜಿ ಹೆಂಗಸು ಮೈಕನ್ನೇ ಆಚೆ ತಳ್ಳಿದಳು. "ನಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ ಕಣಮ್ಮ. ಇಂಥದ್ದನ್ನೆಲ್ಲ ನನ್ನ ಬಾಯಲ್ಲಿ ಹೇಳಿಸಬೇಡ."

ಎರಡು ಭಾಷೆಗಳನ್ನು ಹೋಲಿಸುವ ಪ್ರಬಂಧಕ್ಕಾಗಿ ಬೆಳಗಿನಿಂದ ಆ ಕಿರುಕೋಣೆಯಲ್ಲಿ ಧ್ವನಿಮುದ್ರಣ ನಡೆದಿತ್ತು. ನೀರು, ಬೆಂಕಿ, ಮೂಗು, ಮೊಣಕಾಲು ಎಲ್ಲವನ್ನೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಹೇಳಿ ಆಗಿತ್ತು. ಅಜ್ಜಿಕಥೆಯ ಕಳೆದುಹೋದ ಅಕ್ಕತಂಗಿಯರಂತೆ ಎಲ್ಲಾದರೂ ಒಂದು ಕಡೆ ಈ ಎರಡು ಭಾಷೆಗಳೂ ಒಂದನ್ನೊಂದು ಗುರುತು ಹಿಡಿದಾವು ಎಂದು ಸಂಶೋಧಕಿ ಕಾದದ್ದೇ ಬಂತು. ಈಗ ಈ ವಾಕ್ಯವೊಂದು ಬಾಕಿ. ಒಂದು ಬಿಟ್ಟರೂ ಪ್ರಬಂಧ ಮುಂದಿನ ವರ್ಷಕ್ಕೇ ಎಂದು ಮಾರ್ಗದರ್ಶಕ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದರು.

"ಬರೀ ಮಾತಲ್ವಾ ಅಕ್ಕಾ? ಮಾತಾಡಿದ್ರೆ ಯಾರಾದ್ರೂ ಸಾಯ್ತಾರಾ?" ಎಂದು ಆಕಳಿಕೆ ನುಂಗುತ್ತ ಗೋಗರೆದಳು.

"ಬರೀ ಮಾತು ತಾನೇ? ಹಾಗಾದ್ರೆ ಮೊದಲು ನೀನೇ ಹೇಳು, ನಿನ್ನ ಭಾಷೇಲಿ," ಎಂದಳು ನರ್ಸ್. "ಆಮೇಲೆ ನಾವಿಬ್ಬರೂ ಹೇಳ್ತೀವಿ."

ಅದೇನು ಮಹಾ ಎಂದು ಸಂಶೋಧಕಿ ಮೈಕನ್ನು ತನ್ನತ್ತ ತಿರುಗಿಸಿಕೊಂಡಳು. "ನನ್ನ ತಾಯಿ..." ಎಂದಳು. ಬೆಳಿಗ್ಗೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲವರೆಗೂ ಬಂದು, "ಇವತ್ತಾದ್ರೂ ಮುಗಿಸ್ಕೊಂಡು ಬಾರೇ, ಒಣಗಿದ ಕಡ್ಡಿ ಆಗಿದ್ದೀಯ" ಎಂದಿದ್ದ ಅಮ್ಮ ಕಣ್ಣೆದುರು ನಿಂತಳು. ನಾಲಿಗೆ ಹೊರಳಲಿಲ್ಲ. ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು, ಯಾರೂ ನಗಲಿಲ್ಲ.

ಅವಳು ಮೈಕ್ ಆರಿಸಿದಳು. "ಏಳಿ ಅಕ್ಕಾ, ಮನೆಗೆ ಹೋಗೋಣ."