ನಡುಹೊಳೆಯ ಬೋನು

“ಕೊನೇ ಸಲ ಹೊಳೆ ದಾಟುವಾಗ ದೋಣಿ ಮುಳುಗುತ್ತಲ್ಲ, ಅದನ್ನ ತಪ್ಪಿಸೋದು ಹೇಗಪ್ಪಾ?”

ಅತ್ತಿಗೆ ಇಷ್ಟು ಕೇಳಿದ್ದೇ ತಡ, ಊಟದ ಮೇಜಿನ ಸುತ್ತ ಇದ್ದವರೆಲ್ಲ ಅವಳತ್ತ ತಿರುಗಿದರು. ಕೇಳಿದ್ದು ಮೈದುನನನ್ನು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಟ ಅವನದೇ. ನಾಲ್ಕು ಜನರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಕೂತು ಮಾಡಿದ ಕಂಪ್ಯೂಟರ್ ಆಟ. ಒಬ್ಬ ಮುದಿ ಅಂಬಿಗ, ಒಂದು ಹೊಳೆ, ಆಚೆ ದಡ ಸೇರಬೇಕಾದ ಜನ.

ಉತ್ತರ ಬಂದದ್ದು ಅವನ ಹೆಂಡತಿಯಿಂದ. ಕಂಪನಿಯ ಮಾರಾಟ, ಪ್ರಚಾರ ನೋಡಿಕೊಳ್ಳುವವಳು ಅವಳು.

“ಅಕ್ಕಾ, ದೋಣಿ ಮುಳುಗೋದು ಕದ್ದ ಆಟದಲ್ಲಿ ಮಾತ್ರ. ಕಳ್ಳರು ಸಿಕ್ಕಿಬೀಳಲಿ ಅಂತ ನಾವೇ ಇಟ್ಟಿರೋ ಬೋನು ಅದು. ಹಾಗಂತ ಹೋದ ತಿಂಗಳೇ ಇಂಟರ್ನೆಟ್‌ನಲ್ಲಿ ಹಾಕಿದೀವಿ. ಆಮೇಲೆ ದುಡ್ಡು ಕೊಟ್ಟು ತಗೊಂಡವರು ಒಬ್ಬರೂ ದೂರು ಹೇಳಿಲ್ಲ.”

ಅತ್ತಿಗೆಯ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಯಾರೂ ಏನೂ ಅನ್ನುವ ಮೊದಲೇ ಕುಂಬಳಕಾಯಿ ತಂದು ಮೇಜಿನ ಮೇಲಿಟ್ಟಿದ್ದಳು.

“ಮನೆಯವರೇ ಹೀಗೆ ಮಾಡಿದರೆ ಹೊರಗಿನವರಿಗೆ ಏನು ಹೇಳೋಣ?” ಎಂದರು ಅತ್ತೆ. ಗಟ್ಟಿಯಾಗಿ ಬೈದಿದ್ದರೆ ಚೆನ್ನಾಗಿತ್ತು. ಅವರು ಮೆಲ್ಲಗೆ ಹೇಳಿದರು.

“ನಾನಂತೂ ಬಂದ ದಿನವೇ ಕೊಂಡೆ,” ಎಂದರು ನಾದಿನಿಯ ಗಂಡ, ಮನೆಗೆ ಹಿರಿಯ ಅಳಿಯ.

“ನಿಮ್ಮ ದೋಣಿ ದಾಟ್ತಾ ಭಾವ?” ಎಂದಳು ಅತ್ತಿಗೆ, ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ.

“ಓಹೋ, ಆರಾಮಾಗಿ,” ಎಂದು ಭಾವ ನೀರಿನ ಲೋಟಕ್ಕೆ ಕೈ ಚಾಚಿದರು.

ಊಟ ಮುಗಿಸಿ ಅತ್ತಿಗೆ ಗಂಡನೊಡನೆ ಮನೆಗೆ ಬಂದಳು. ಬೀಗ ತೆಗೆಯುತ್ತಾ ಅವನು ಒಂದೇ ಮಾತು ಅಂದ: “ಕೇಳಿದ್ರೆ ತಮ್ಮ ಸುಮ್ನೆ ಕೊಡ್ತಿದ್ದ.”

ಅದಕ್ಕೇ ಅವಳು ಕೇಳಿರಲಿಲ್ಲ. ನೆಂಟರೆಲ್ಲ ಬಿಟ್ಟಿ ಕೇಳಿ ಕೇಳಿ ಮೈದುನ ರೋಸಿಹೋಗಿದ್ದು ಅವಳಿಗೆ ಗೊತ್ತಿತ್ತು. ಕೊಳ್ಳೋಣವೆಂದರೆ, ಈ ವಯಸ್ಸಿನಲ್ಲಿ ಆಟಕ್ಕೆ ದುಡ್ಡು ಹಾಕಿದಳು ಎಂದು ನಕ್ಕಾರು ಎನ್ನುವ ಅಳುಕು. ಅವಳ ಹೊಲಿಗೆ ಅಂಗಡಿಯ ಹಳೇ ಕಂಪ್ಯೂಟರ್ ರಿಪೇರಿಗೆ ಬಂದವನು, “ಇದಕ್ಕೆಲ್ಲ ಯಾರಮ್ಮ ದುಡ್ಡು ಕೊಡ್ತಾರೆ?” ಎಂದು ತಾನಾಗಿಯೇ ಹಾಕಿಕೊಟ್ಟಿದ್ದ. ಬೇಡ ಅನ್ನಲು ಬಾಯಿತ್ತು. ಅನ್ನಲಿಲ್ಲ.

ಹಿಂದೊಮ್ಮೆ ಒಬ್ಬ ಗಿರಾಕಿ, ಇವಳು ತಲೆ ಕೆಡಿಸಿಕೊಂಡು ಕತ್ತರಿಸಿದ ಹೊಸ ನಮೂನೆಯನ್ನು ಎದುರಂಗಡಿಗೆ ಒಯ್ದು ಅಗ್ಗಕ್ಕೆ ಹೊಲಿಸಿಕೊಂಡಿದ್ದಳು. ಬೀದಿಯಲ್ಲಿ ನಿಂತು ಜಗಳ ಆಡಿದ್ದಳು ಅತ್ತಿಗೆ. ಆ ಮಾತುಗಳೆಲ್ಲ ಈಗ ಒಂದೊಂದಾಗಿ ಕಿವಿಗೆ ವಾಪಸ್ಸು ಬಂದವು.

ಮರುದಿನ ಬೆಳಿಗ್ಗೆ ಅವಳು ಮೈದುನನ ಆಫೀಸಿಗೆ ಹೋದಳು. ಚಪ್ಪಲಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಆಟ ಬಿಡುಗಡೆಯಾದ ದಿನ ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಗ ಮೇಜುಗಳ ಮೇಲೆ ಹಳೇ ಪರದೆ ಬಟ್ಟೆ ಹೊದಿಸಿತ್ತು. ಕಿಟಕಿಯ ಪಕ್ಕದ ಮೇಜಿನಲ್ಲಿ ಮಾತ್ರ ದೀಪ. ಅಲ್ಲಿ ಮೈದುನನೊಬ್ಬನೇ.

“ತಪ್ಪಾಯ್ತಪ್ಪಾ,” ಎಂದಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಉಳಿದ ಮಾತೆಲ್ಲ ಮರೆತುಹೋಯಿತು.

ಅವನ ಮುಖ ಕೆಂಪಾಯಿತು. “ನನ್ನ ಹತ್ರ ಕ್ಷಮೆ ಕೇಳಬೇಡಿ ಅತ್ತಿಗೆ. ನಂಗೆ ತಡ್ಕೊಳೋಕಾಗಲ್ಲ.”

“ಉಳಿದವರೆಲ್ಲ ಎಲ್ಲಿ?”

“ಸಂಬಳ ಕೊಡೋಕಾಗ್ಲಿಲ್ಲ. ಕೊಂಡು ಆಡಿದವರಿಗಿಂತ ಕದ್ದು ಆಡಿದವರೇ ಹತ್ತು ಪಟ್ಟು.” ಅವನು ಕಿಟಕಿಯ ಕಡೆ ನೋಡುತ್ತಿದ್ದ. “ಹೊಳೆ, ದೋಣಿ ಎಲ್ಲ ಮಾಡಿದ ಹುಡುಗ ಮೊದಲು ಹೋದ. ಅವನ ಕೆಲಸ ನಂಗೆ ಬರಲ್ಲ. ಈಗಲೂ ಬೆಳಗಿಂದ ಅದನ್ನೇ ನೋಡ್ತಾ ಕೂತಿದೀನಿ.”

ಒಂದೊಂದು ಮಾತೂ ಅವಳಿಗೆ ಕೆನ್ನೆಗೆ ಬಿದ್ದ ಹಾಗಾಯಿತು. ಆ ಹುಡುಗ ಕಳೆದುಕೊಂಡ ಅನ್ನದಲ್ಲಿ ತಾನು ಕಸಿದ ತುತ್ತೂ ಇತ್ತು. ಪರ್ಸ್ ತೆಗೆದಳು.

“ಒಂದು ಆಟ ಕೊಡು. ಎಲ್ಲರಿಗೆ ಎಷ್ಟೋ ಅಷ್ಟೇ ದುಡ್ಡು ತಗೋ.”

“ಬೇಡ ಅತ್ತಿಗೆ. ಈಗ ತಗೋಬೇಡಿ.”

“ನನ್ನ ದುಡ್ಡೂ ಬೇಡವಾಯ್ತಾ?”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಂಡತಿ ಒಳಗೆ ಬಂದಳು. ಅವನು ಬಾಯಿ ಮುಚ್ಚಿದ.

ಇಷ್ಟು ಕೋಪವಿದ್ದರೆ ಇರಲಿ ಎಂದುಕೊಂಡಳು ಅತ್ತಿಗೆ. ಕೋಪ ಮಾಡಿಕೊಳ್ಳುವ ಹಕ್ಕು ಅವನಿಗಿದೆ. ಅಂಗಡಿಗೆ ಬಂದವಳೇ ಕದ್ದ ಆಟವನ್ನು ಅಳಿಸಿಹಾಕಿದಳು. ಎಲ್ಲರೂ ಕೊಳ್ಳುವ ಕಡೆಯೇ ದುಡ್ಡು ಕಟ್ಟಿ ಹೊಸದನ್ನು ಇಳಿಸಿಕೊಂಡಳು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ, ಹೊಲಿಗೆ ಯಂತ್ರ ಬದಿಗೆ ಸರಿಸಿ, ಮೊದಲಿನಿಂದ ಆಡಿದಳು. ಖುಷಿಗಲ್ಲ, ಹರಕೆ ತೀರಿಸುವವರ ಹಾಗೆ. ಒಬ್ಬೊಬ್ಬರನ್ನೇ ದಡ ಮುಟ್ಟಿಸಿದಂತೆ ಎದೆಯ ಮೇಲಿನ ಭಾರ ಕೊಂಚ ಕೊಂಚ ಇಳಿಯಿತು. ಇನ್ನು ಅತ್ತೆಯ ಎದುರು ತಲೆ ಎತ್ತಿ ಕೂರಬಹುದು.

ಕೊನೆಯ ಸಲದ ಜನ ಹತ್ತಿದರು. ಅಂಬಿಗ ಹುಟ್ಟು ಹಾಕಿದ. ಅವಳು ಉಸಿರು ಬಿಗಿಹಿಡಿದು ನೋಡಿದಳು.

ದುಡ್ಡು ಕಟ್ಟಿದ ರಸೀದಿಯನ್ನು ಮತ್ತೊಮ್ಮೆ ತೆಗೆದು ನೋಡಿದಳು. ಆಮೇಲೆ ಭಾವನಿಗೆ ಫೋನ್ ಮಾಡಿದಳು.

“ಭಾವ, ನಿಜ ಹೇಳಿ. ನೀವು ದಾಟಿದ್ರಾ?”

ಆ ಕಡೆ ಯಾವುದೋ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು.

“ಮೆಲ್ಲಗೆ ಮಾತಾಡಮ್ಮಾ,” ಎಂದರು ಭಾವ. “ದುಡ್ಡು ಕೊಟ್ಟವರದೂ ಮುಳುಗುತ್ತೆ ಅಂತ ಬಾಯಿಬಿಟ್ರೆ, ನನ್ನನ್ನೂ ಕಳ್ಳ ಅಂದಾರು.”